ನಾಲ್ಕು ಗಂಟೆಯ ತಟ್ಟೆ

ತ್ರಿಪ್ಲಿಕೇನ್, ಚೆನ್ನೈ
21 ಏಪ್ರಿಲ್ 2024, ಭಾನುವಾರ

ಚಿ. ಸೂರಜನಿಗೆ ವಿಮಲಕ್ಕನ ಆಶೀರ್ವಾದ.

ನೀನು ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ನಾನು ನಂಬಿಲ್ಲ, ಹಾಗಾಗಿ ಬರೆಯುವುದಿಲ್ಲ. ಫೋನಿಗೆ ಉಪ್ಪುನೀರು ಹೊಕ್ಕಿತು, ಇನ್ನು ಕಾಗದವೇ ಗತಿ ಎಂದು ಎರಡು ಸಾಲಿನ ಚೀಟಿ ಕಳಿಸಿದ್ದೀಯಲ್ಲ, ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಮೆಸ್ಸಿನ ಒಲೆ ಮುಂದೆ ಬೆಂದದ್ದು ಸಾಕು, ಲೋಕ ನೋಡಬೇಕು ಎಂದು ಭಾವನ ಜೊತೆ ಜಗಳವಾಡಿ ಹಡಗಿಗೆ ಅಡುಗೆಯವನಾಗಿ ಹೋದೆ. ಈಗ ನಿಮ್ಮ ಮಾಲೀಕನ ಮೇಲೆ ಯಾರೋ ದಾವೆ ಹೂಡಿ, ಕೋರ್ಟಿನವರು ಹಡಗನ್ನು ಇದೇ ಮದ್ರಾಸಿನ ಮುಂದೆ ನಿಲ್ಲಿಸಿದ್ದಾರೆ. ಲೋಕ ಸುತ್ತಿ ನಮ್ಮ ಬಾಗಿಲಿಗೇ ಬಂದಿದ್ದೀಯ, ಒಳಗೆ ಬರುವ ಹಾಗಿಲ್ಲ.

ಹೋದ ಭಾನುವಾರ ವಿಷು. ಕಣಿ ಇಟ್ಟೆ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ನಡುವೆ ಅಪ್ಪನ ಕಾಲದ ಕನ್ನಡಿ. ಅಪ್ಪ ಕುಂದಾಪುರದಲ್ಲಿ ನಡೆಸಿಕೊಂಡು ಬಂದ ಕ್ರಮ ನೆನಪಿದೆಯಲ್ಲ, ಹೋದ ವರ್ಷದಲ್ಲಿ ಮರೆಯಲಾಗದ್ದು ಒಂದನ್ನು ಬಾಯಿಬಿಟ್ಟು ಹೇಳಿ ಆಮೇಲೆ ಕನ್ನಡಿ ನೋಡಬೇಕು. ನಿನ್ನ ಭಾವ “ಗ್ಯಾಸ್ ರೇಟು ಏರಿದ್ದು” ಎಂದು ಹೇಳಿ ಮುಖ ನೋಡಿಕೊಂಡರು. ನಾನು ಏನು ಹೇಳಿದೆ ಎಂದು ಬರೆಯುವುದಿಲ್ಲ. ನಿನ್ನ ಸರದಿ ಖಾಲಿ ಉಳಿಯಿತು.

ವಾರವಾರ ನಿಮಗೆ ನೀರು, ಅಕ್ಕಿ ತರುವ ಲಾಂಚಿನ ಐತ ನಮ್ಮ ಮಲ್ಪೆ ಕಡೆಯವನು ಎಂದು ಈಗ ತಿಳಿಯಿತು. ನೀಲಿ ಬಣ್ಣದ ಹಡಗು ಎಂದು ಅವನೇ ಹೇಳಿದ. ಇವತ್ತು ಮರೀನಾಕ್ಕೆ ಹೋಗಿ ಮರಳಿನ ಮೇಲೆ ನಿಂತು ನೋಡಿದೆ. ನಿಂತ ಹಡಗುಗಳಲ್ಲಿ ನೀಲಿ ಒಂದೇ. ಹಿಂದೆ ಬಿಳಿ ಮನೆಯ ಹಾಗೆ ಇದೆ, ಮೇಲೆ ಎರಡು ಹಳದಿ ಕ್ರೇನ್. ಅದರೊಳಗೆ ಎಲ್ಲೋ ನೀನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೀಯ ಎಂದುಕೊಂಡರೆ ಹೊಟ್ಟೆಗೆ ಸ್ವಲ್ಪ ಸಮಾಧಾನ.

ಒಂದು ಕೆಲಸ ಮಾಡು. ಭಾನುವಾರ ನಾಲ್ಕು ಗಂಟೆಗೆ ಬಿಸಿಲು ನಮ್ಮ ಬೆನ್ನಿಗೆ, ನಿನ್ನ ಮುಖಕ್ಕೆ. ಒಂದು ಸ್ಟೀಲ್ ತಟ್ಟೆ ಚೆನ್ನಾಗಿ ಉಜ್ಜಿ ದಡದ ಕಡೆ ಹಿಡಿ. ಹೊಳಪು ಕಂಡರೆ ನನ್ನ ತಮ್ಮ ಜೀವಂತ ಇದ್ದಾನೆ ಎಂದು ತಿಳಿಯುತ್ತೇನೆ.

ನಿನ್ನ ಅಕ್ಕ
ವಿಮಲಾ


ಹಡಗಿನಿಂದ
2 ಮೇ 2024, ಗುರುವಾರ

ವಿಮಲಕ್ಕನಿಗೆ ಸೂರಜನ ನಮಸ್ಕಾರ.

ಪತ್ರ, ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲ ತಲುಪಿದವು. ಉಪ್ಪಿನಕಾಯಿಯನ್ನು ಕ್ಯಾಪ್ಟನ್ ತಮ್ಮ ಕೋಣೆಯಲ್ಲೇ ಇಟ್ಟು ಬೀಗ ಹಾಕಿದ್ದಾರೆ. ಹಡಗಿನಲ್ಲಿ ಈಗ ಬೆಲೆಬಾಳುವ ವಸ್ತು ಅದೊಂದೇ.

ಇಲ್ಲಿಯ ಕಾನೂನು ನಿನಗೆ ತಿಳಿಯಲಿ. ಇಂಜಿನ್ ಸತ್ತಿದ್ದರೂ ಹಡಗನ್ನು ಖಾಲಿ ಬಿಡುವ ಹಾಗಿಲ್ಲ. ಒಬ್ಬ ಇಳಿಯಬೇಕಾದರೆ ಅವನ ಜಾಗಕ್ಕೆ ಇನ್ನೊಬ್ಬ ಹತ್ತಬೇಕು. ನಿಂತ ಹಡಗಿಗೆ ಹತ್ತುವ ಬುದ್ಧಿಗೇಡಿ ಎಲ್ಲಿ ಸಿಗುತ್ತಾನೆ? ಇಷ್ಟು ಬಿಟ್ಟರೆ ಬೇರೆ ತೊಂದರೆಯಿಲ್ಲ. ಜನರೇಟರ್ ಸ್ವಲ್ಪ ಹೊತ್ತು ಓಡುತ್ತದೆ, ಅಷ್ಟರಲ್ಲಿ ರುಬ್ಬಿಕೊಳ್ಳುತ್ತೇನೆ. ಕಾಸಿಮೇಡಿನ ಮೀನು ದೋಣಿಗಳು ನಮ್ಮ ಪಕ್ಕದಲ್ಲೇ ಹಾಯುತ್ತವೆ. “ಸಾಮೀ, ಇನ್ನಿಕ್ಕಿ ಎನ್ನ ಸಾಂಬಾರ್?” ಎಂದು ಕೂಗುತ್ತಾರೆ. ಇವತ್ತಿಗೂ ಅದೇ ಬೇಳೆ ಎಂದು ಕೂಗಿ ಹೇಳುತ್ತೇನೆ.

ತಟ್ಟೆ ಹಿಡಿಯುತ್ತೇನೆ. ನಿನ್ನ ಕಣ್ಣು ಚುರುಕಾಗಿಯೇ ಇದೆ. ನೀಲಿ ಹಡಗು, ಬಿಳಿ ಮನೆ, ಎಲ್ಲ ಸರಿ.

ಸೂರಜ್


ತ್ರಿಪ್ಲಿಕೇನ್
12 ಮೇ 2024, ಭಾನುವಾರ

ಚಿ. ಸೂರಜನಿಗೆ,

ಕಂಡಿತು ಮಾರಾಯ. ಕಂಡಿತು.

ಮೊದಲು ಒಂದು ಸಲ, ಸೂಜಿ ಚುಚ್ಚಿದಷ್ಟು. ಆಮೇಲೆ ಇನ್ನೊಂದು ಸಲ, ಸ್ವಲ್ಪ ಹೆಚ್ಚು ಹೊತ್ತು. ನಾನು ಸೆರಗು ಎತ್ತಿ ಬೀಸಿದೆ. ಪಕ್ಕದಲ್ಲಿ ಕಡಲೆ ಸುಂಡಲ್ ಮಾರುವ ಹೆಂಗಸು “ಎನ್ನಕ್ಕಾ, ಅಂಗೆ ಯಾರು?” ಎಂದು ಕೇಳಿದಳು. ಎನ್ ತಂಬಿ, ನನ್ನ ತಮ್ಮ ಎಂದೆ. ಅವಳೂ ಬುಟ್ಟಿ ಕೆಳಗಿಟ್ಟು ಕೈ ಬೀಸಿದಳು. ಮನೆಗೆ ಬಂದವಳೇ ಪಾಯಸ ಮಾಡಿದೆ. ನಿನ್ನ ಭಾವ “ಏನ್ ಸ್ಪೆಷಲ್?” ಎಂದರು. ತಟ್ಟೆ ಕಂಡಿತು ಎಂದೆ. ನನ್ನ ಮುಖ ನೋಡಿ ಇನ್ನೊಂದು ಲೋಟ ಬಡಿಸಿಕೊಂಡರು.

ಅಂದಹಾಗೆ ನಿನ್ನ ಭಾವ ಕೋಯಮತ್ತೂರಿನಲ್ಲಿ ಹೊಸದಾಗಿ ಒಂದು ಮೆಸ್ ಶುರು ಮಾಡುವ ಯೋಚನೆಯಲ್ಲಿದ್ದಾರೆ. ಇಲ್ಲಿ ಲಾಡ್ಜಿನ ಹುಡುಗರೆಲ್ಲ ಈಗ ಫೋನಿನಲ್ಲೇ ಊಟ ತರಿಸುತ್ತಾರೆ. ಅವರು ಹೋದರೂ ನಾನು ಸದ್ಯ ಇಲ್ಲೇ. ಇಲ್ಲಿಯ ವ್ಯಾಪಾರ ನೋಡಿಕೊಳ್ಳಲು ಒಬ್ಬರು ಬೇಕಲ್ಲ.

ಪ್ರತಿ ಭಾನುವಾರ ಹಿಡಿ. ಮರೆತೀಯ.

ಅಕ್ಕ


ಹಡಗಿನಿಂದ
18 ಜುಲೈ 2024

ಅಕ್ಕನಿಗೆ ನಮಸ್ಕಾರ.

ತಡವಾಯಿತು. ಬರೆಯಲು ಏನೂ ನಡೆಯುವುದಿಲ್ಲ, ಅದಕ್ಕೆ. ಬೆಳಿಗ್ಗೆ ಎದ್ದರೆ ಊರು ಎದುರಿಗೆ ಇರುತ್ತದೆ. ಸಂಜೆ ಮಲಗುವಾಗಲೂ ಇರುತ್ತದೆ. ನಡುಸಮುದ್ರದಲ್ಲಿ ಇದ್ದಾಗ ಹೀಗೆ ಅನ್ನಿಸಿರಲಿಲ್ಲ, ಅಲ್ಲಿ ಕಾಣುವುದೆಲ್ಲ ನೀರೇ. ಇಲ್ಲಿ ಮಸೀದಿಯ ಬಾಂಗು ಕೇಳುತ್ತದೆ, ಚರ್ಚಿನ ಗಂಟೆ ಕೇಳುತ್ತದೆ, ಗಾಳಿ ತಿರುಗಿದರೆ ಯಾರದೋ ಮನೆಯ ಕಾಫಿ ವಾಸನೆ ಬಂದಂತಾಗುತ್ತದೆ. ಅಷ್ಟು ದೂರ ವಾಸನೆ ಬರುವುದಿಲ್ಲ, ನನಗೂ ಗೊತ್ತು.

ಒಂದು ಸುದ್ದಿ ಇದೆ. ಒಬ್ಬನಿಗೆ ಇಳಿಯಲು ಅನುಮತಿ ಬಂತು, ಅನಿಲ್ ಇಳಿದ. ಇಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುತ್ತಿದ್ದ ಹುಡುಗ, ಮಗಳು ಹುಟ್ಟಿ ನಡೆಯಲು ಕಲಿತರೂ ಮುಖ ನೋಡಿರಲಿಲ್ಲ. ಅವನ ಬದಲಿಗೆ ಒಬ್ಬ ಮುದುಕ ಹತ್ತಿದ್ದಾನೆ. ಇಳಿಯುವ ಏಣಿಯಲ್ಲಿ ಅನಿಲ್ ಕಂಬಿಯನ್ನು ತಬ್ಬಿ ನಿಂತುಬಿಟ್ಟ. ಕೆಳಗೆ ಐತ ಅವನ ಕಾಲನ್ನು ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಟ್ಟ.

ಮುಂದಿನ ಸಲ ನನ್ನದು ಎಂದು ಹೇಳಿದ್ದಾರೆ. ಚಿಂತೆ ಬೇಡ. ತಟ್ಟೆ ಒಂದು ವಾರವೂ ತಪ್ಪಿಸಿಲ್ಲ.

ಸೂರಜ್


ತ್ರಿಪ್ಲಿಕೇನ್
1 ಸೆಪ್ಟೆಂಬರ್ 2024, ಭಾನುವಾರ

ಸೂರಜ್,

ಈ ಸಲ ಆಶೀರ್ವಾದ ಇಲ್ಲ.

ಐತ ಅಕ್ಕಿ ಒಯ್ಯಲು ಬಂದವನು ಕಾಫಿ ಕುಡಿಯುತ್ತಾ ಹೇಳಿದ. “ನಿಮ್ಮ ತಮ್ಮ ದೊಡ್ಡ ಮನುಷ್ಯ ಅಕ್ಕ. ಕಾಗದದಲ್ಲಿ ಹೆಸರು ಅವರದ್ದೇ ಇದ್ದದ್ದು. ಆ ಹುಡುಗ ಅಳುದು ನೋಡಿ, ಅವನನ್ನೇ ಕಳಿಸಿ ಅಂತ ಕ್ಯಾಪ್ಟನ್ ಹತ್ರ ಹೇಳಿದ್ದಂತೆ.” ಇದನ್ನು ಹೇಳಬಾರದಿತ್ತೋ ಏನೋ ಎಂದು ಆಮೇಲೆ ತಲೆ ಕೆರೆದುಕೊಂಡ. ಅವನ ಬಾಯಲ್ಲಿ ಏನೂ ನಿಲ್ಲುವುದಿಲ್ಲ, ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ನಿನಗೂ ಒಂದು ಮನೆ ಇದೆ ಎಂದು ಯಾಕೆ ಮರೆತೆ? ಅನಿಲನಿಗೆ ಮಗಳು ಇರಬಹುದು. ನಿನಗೆ ಅಕ್ಕ ಇಲ್ಲವೇ? ನಾನು ಭಾನುವಾರ ಭಾನುವಾರ ಬಿಸಿ ಮರಳಿನಲ್ಲಿ ನಿಂತು ಸೆರಗು ಬೀಸುವುದು ಆಟವೆಂದು ತಿಳಿದೆಯಾ? ನೀನು ಒಳ್ಳೆಯವನಾಗುವುದಕ್ಕೆ ನನ್ನನ್ನು ಒಂದು ಮಾತು ಕೇಳಬೇಕಿತ್ತು.

ನಿನ್ನ ಭಾವ ಹೋದ ತಿಂಗಳೇ ಕೋಯಮತ್ತೂರಿಗೆ ಹೋದರು. ವಾರಕ್ಕೊಮ್ಮೆ ಫೋನಿನಲ್ಲಿ “ಯಾವಾಗ ಬರ್ತೀ?” ಎನ್ನುತ್ತಾರೆ. ಇಲ್ಲಿ ಕೆಲಸ ಬಹಳ, ಸದ್ಯ ಆಗುವುದಿಲ್ಲ ಎನ್ನುತ್ತೇನೆ.

ಇವತ್ತೂ ಹೋಗಿದ್ದೆ. ಹೊಳಪು ಕಂಡಿತು. ನಾನು ಸೆರಗು ಬೀಸಲಿಲ್ಲ.

ವಿಮಲಾ


ಹಡಗಿನಿಂದ
10 ಅಕ್ಟೋಬರ್ 2024

ಅಕ್ಕ,

ಬೈದದ್ದು ಸರಿ.

ಅನಿಲನನ್ನು ಕಳಿಸಿದ ದಿನ ಎದೆ ಉಬ್ಬಿತ್ತು. ಒಂದು ವಾರ ಹಾಗೇ ಇತ್ತು. ಆಮೇಲೆ ಇಳಿದುಹೋಯಿತು. ಈಗ ಅವನ ಹೆಸರು ಕೇಳಿದರೆ ಸಿಟ್ಟು ಬರುತ್ತದೆ. ಅವನು ಮಗಳ ಫೋಟೋ ಕಳಿಸಿದ್ದ, ಐತ ತಂದುಕೊಟ್ಟ. ನೋಡಿ ಡಬ್ಬಿಯ ಕೆಳಗೆ ಇಟ್ಟೆ. ನಾನು ಒಳ್ಳೆಯವನೇನೂ ಅಲ್ಲ.

ನನಗೆ ಇಲ್ಲಿ ಉಸಿರು ಕಟ್ಟುತ್ತದೆ ಅಕ್ಕ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಡೆಕ್ಕಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ, ಅದನ್ನೇ ತ್ರಿಪ್ಲಿಕೇನ್ ಎಂದುಕೊಳ್ಳುತ್ತೇನೆ. ಇಲ್ಲಿ ಪಾರ್ಥಸಾರಥಿ ದೇವಸ್ಥಾನದ ಕೊಳ, ಇಲ್ಲಿ ಹೂವಿನವರು, ಇಲ್ಲಿ ನಮ್ಮ ಮೆಸ್. ಮೊನ್ನೆ ಕೊಳದಿಂದ ಮೆಸ್ಸಿಗೆ ಹೋಗುವಾಗ ನಡುವೆ ಸಿಗುವ ಬೀದಿಯ ಹೆಸರು ಮರೆತುಹೋಗಿತ್ತು. ಅಲ್ಲೇ ನಿಂತುಬಿಟ್ಟೆ. ಮುದುಕ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

ನೀನು ಭಾನುವಾರ ಬರುವುದು ನಿಲ್ಲಿಸಬೇಡ. ಬೀಸದಿದ್ದರೂ ಪರವಾಗಿಲ್ಲ.

ಸೂರಜ್


ತ್ರಿಪ್ಲಿಕೇನ್
8 ಡಿಸೆಂಬರ್ 2024, ಭಾನುವಾರ

ಚಿ. ಸೂರಜನಿಗೆ ಆಶೀರ್ವಾದ.

ಆ ಬೀದಿಯ ಹೆಸರನ್ನು ಐತನ ಕೈಲಿ ಹೇಳಿ ಕಳಿಸಿದ್ದೆ, ತಲುಪಿತಲ್ಲ? ಈಗ ಬೇರೆ ಮಾತು. ಹೋದ ವಾರ ಚಂಡಮಾರುತ ಬರುತ್ತದೆಂದು ಬೀಚಿಗೆ ಬಿಡಲಿಲ್ಲ. ಪೊಲೀಸಿನವನು “ಪೋಮ್ಮಾ, ಪೋ” ಎಂದು ಅಟ್ಟಿದ. ಆದರೂ ದೂರದಿಂದ ನೋಡಿದೆ, ನಿನ್ನ ಹಡಗು ಇರಲಿಲ್ಲ. ಎರಡು ದಿನ ನಾನು ಅನ್ನ ಮುಟ್ಟಲಿಲ್ಲ. ಮಳೆ ನಿಂತ ಮೇಲೆ ಹೋದರೆ ಅದೇ ಜಾಗದಲ್ಲಿ ಬಂದು ನಿಂತಿದೆ, ಏನೂ ಆಗದವರ ಹಾಗೆ.

ಇಂಜಿನ್ ಸತ್ತಿದೆ ಎಂದು ನೀನೇ ಬರೆದಿದ್ದೆ. ಹಾಗಾದರೆ ಹೋದದ್ದು ಹೇಗೆ, ಬಂದದ್ದು ಹೇಗೆ? ನನಗೆ ಹಡಗಿನ ವಿಷಯ ತಿಳಿಯದು. ಆದರೆ ಸತ್ತದ್ದು ನಡೆಯುವುದಿಲ್ಲ ಎಂಬಷ್ಟು ತಿಳಿಯುತ್ತದೆ.

ಅಕ್ಕ


ಹಡಗಿನಿಂದ
12 ಡಿಸೆಂಬರ್ 2024

ಅಕ್ಕ,

ಟಗ್ ದೋಣಿ ಬಂದು ಎಳೆದುಕೊಂಡು ಹೋಗಿ ಮತ್ತೆ ತಂದು ನಿಲ್ಲಿಸಿತು. ಅಷ್ಟೇ. ಎಲ್ಲರೂ ಕ್ಷೇಮ. ಕ್ಯಾಪ್ಟನ್ನರ ಉಪ್ಪಿನಕಾಯಿ ಜಾಡಿ ಒಡೆಯಿತು. ಬೀದಿಯ ಹೆಸರು ತಲುಪಿತು. ಈಗ ಮೆಸ್ಸಿನವರೆಗೆ ನಡೆಯುತ್ತೇನೆ.

ಸೂರಜ್


ತ್ರಿಪ್ಲಿಕೇನ್
16 ಮಾರ್ಚ್ 2025, ಭಾನುವಾರ

ನನ್ನ ಸೂರಜನಿಗೆ,

ಹೋದ ಭಾನುವಾರ ಜಾಗ ಖಾಲಿ ಇತ್ತು. ಟಗ್ ಎಳೆದಿರಬೇಕು ಎಂದುಕೊಂಡೆ. ಇವತ್ತೂ ಖಾಲಿ. ಸುಂಡಲ್ ಹೆಂಗಸು ಹೇಳಿದಳು, ಅವಳ ಮಗ ನೋಡಿದನಂತೆ, ನೀಲಿ ಹಡಗು ಹೊಗೆ ಬಿಟ್ಟುಕೊಂಡು ತಾನೇ ತಾನಾಗಿ ತೆಂಕು ದಿಕ್ಕಿಗೆ ಹೋಯಿತಂತೆ. “ಉನ್ ತಂಬಿ ಪೋಯಿಟ್ಟಾಂಕ್ಕಾ”, ನಿನ್ನ ತಮ್ಮ ಹೊರಟುಹೋದ ಎಂದು ನನ್ನ ಕೈ ಹಿಡಿದು ಕುಣಿದಳು. ನಾನು ಅಲ್ಲೇ ಕೂತು ಅತ್ತೆ. ಖುಷಿಗೇ ಅತ್ತೆ. ಒಂದು ಮಾತು ಹೇಳದೆ ಹೋದೆಯಲ್ಲ ಎಂದು ಸ್ವಲ್ಪ ಸಿಟ್ಟಿಗೂ ಅತ್ತೆ.

ಈಗ ನೀನು ಹೊರಟಾಯಿತಲ್ಲ, ನನ್ನದನ್ನೂ ಹೇಳಿಬಿಡುತ್ತೇನೆ. ಇಲ್ಲಿಯ ಮೆಸ್ ನಿನ್ನ ಭಾವ ಹೋದಾಗಲೇ ಮುಚ್ಚಿತು. ಪಾತ್ರೆಗಳೆಲ್ಲ ಕೋಯಮತ್ತೂರಿನಲ್ಲಿವೆ. ಒಂದು ಕೋಣೆ, ಒಂದು ಸ್ಟವ್ ಇಟ್ಟುಕೊಂಡು ನಾನೊಬ್ಬಳೇ ಇದ್ದೆ, ಭಾನುವಾರಕ್ಕಾಗಿ. ನಾನು ಹೋದರೆ ನೀನು ಯಾರಿಗೆ ತಟ್ಟೆ ಹಿಡಿಯುತ್ತೀಯ? ನಿನ್ನ ಭಾವ ಜಗಳವಾಡಲಿಲ್ಲ. ಆದರೆ ಇತ್ತೀಚೆಗೆ “ಯಾವಾಗ ಬರ್ತೀ” ಎಂದು ಕೇಳುವುದನ್ನು ಬಿಟ್ಟಿದ್ದರು. ಅದು ನನಗೆ ಹೆದರಿಕೆಯಾಗಿತ್ತು. ಈ ಒಂದು ವರ್ಷ ನಾನೂ ಲಂಗರು ಹಾಕಿಕೊಂಡೇ ಇದ್ದೆ ಎನ್ನು. ವಿಷುವಿಗೆ ಮುಂಚೆ ಕೋಣೆ ಬಿಟ್ಟು ಹೋಗುತ್ತೇನೆ.

ಐತ ಭೂತದ ಕೋಲಕ್ಕೆಂದು ಊರಿಗೆ ಹೋಗಿದ್ದಾನೆ. ಇದನ್ನು ನಿಮಗೆ ಸಾಮಾನು ಕಳಿಸುವ ಆಫೀಸಿನ ಗೇಟಿನ ಡಬ್ಬಿಗೆ ಹಾಕುತ್ತೇನೆ. ಹಡಗು ಎಲ್ಲಿದ್ದರೂ ಕಳಿಸುತ್ತಾರೆ ಎಂದು ಕಾವಲಿನವನು ಹೇಳಿದ.

ಚೆನ್ನಾಗಿರು. ಲೋಕ ನೋಡು.

ಅಕ್ಕ


ಕೊಲಂಬೋ
27 ಮಾರ್ಚ್ 2025

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಕೊಲಂಬೋಕ್ಕೆ ತಲುಪಿತು. ಹೇಳದೆ ಹೊರಟದ್ದಕ್ಕೆ ಕ್ಷಮಿಸು. ಎಲ್ಲ ಒಂದೇ ದಿನದಲ್ಲಿ ನಡೆಯಿತು. ದಾವೆ ಮುಗಿಯಿತು, ಇಂಜಿನಿಗೆ ಜೀವ ಬಂತು, ಲಂಗರು ಎತ್ತಿದರು. ಲಂಗರಿನ ಸರಪಳಿ ಮೇಲೆ ಬರುವ ಸದ್ದು ಎಷ್ಟು ಜೋರು ಗೊತ್ತಾ, ಕೆಸರೆಲ್ಲ ನೀರಾಗಿ ಇಳಿಯುತ್ತಿತ್ತು. ಊರು ಸಣ್ಣದಾಗುತ್ತಾ ಹೋಯಿತು. ಮೊದಲು ಮನುಷ್ಯರು ಕಾಣದಾದರು, ಆಮೇಲೆ ಮನೆಗಳು, ಕೊನೆಗೆ ಲೈಟ್‌ಹೌಸ್. ನಾನು ಅಡುಗೆಮನೆ ಕಿಟಕಿಯಲ್ಲೇ ನಿಂತು ನೋಡಿದೆ. ಸಾರು ಉಕ್ಕಿ ಒಲೆ ಆರಿಹೋಯಿತು.

ಇಲ್ಲಿ ಊಟ, ನೀರು ಎಲ್ಲ ಧಾರಾಳ. ಮುಂದೆ ಎಲ್ಲಿಗೋ ತಿಳಿಯದು, ಪತ್ರ ಬರೆಯಲು ಆಗಲಿಕ್ಕಿಲ್ಲ. ಇದನ್ನು ಚೆನ್ನೈಗೆ ಬರುವ ಒಂದು ಹಡಗಿನವರ ಕೈಲಿ ಕೊಡುತ್ತಿದ್ದೇನೆ, ಅವರು ಐತನಿಗೆ ಮುಟ್ಟಿಸುತ್ತಾರೆ. ನೀನು ಭಾವನ ಹತ್ತಿರ ಹೋಗು. ಬೇಗ ಹೋಗು. ಬೀಚಿಗೆ ಇನ್ನು ಬರಬೇಡ, ಬಿಸಿಲು.

ನಿನ್ನ ತಮ್ಮ
ಸೂರಜ್


ತ್ರಿಪ್ಲಿಕೇನ್
6 ಏಪ್ರಿಲ್ 2025, ಭಾನುವಾರ

ಕೊಲಂಬೋದಲ್ಲಿರುವ ನನ್ನ ತಮ್ಮನಿಗೆ,

ಈ ಪತ್ರವನ್ನು ಐತನ ಲಾಂಚಿನಲ್ಲೇ ಕಳಿಸುತ್ತಿದ್ದೇನೆ. ನೀನು ಕೊಲಂಬೋದಲ್ಲಿದ್ದರೆ ಇದು ನಿನಗೆ ತಲುಪುವುದಿಲ್ಲ. ಓದುತ್ತಿದ್ದೀಯ ಎಂದಾದರೆ ತಲೆ ತಗ್ಗಿಸಿ ಓದು.

ನಿನ್ನ ಪತ್ರ ಓದಿ ನಂಬಿದ್ದೆ. ಸರಪಳಿಯ ಕೆಸರಿನವರೆಗೂ ನಂಬಿದ್ದೆ. ಟ್ರಂಕಿಗೆ ಬಟ್ಟೆ ತುಂಬುತ್ತಿದ್ದೆ. ಪತ್ರ ತಂದುಕೊಟ್ಟ ಐತ ಬಾಗಿಲಲ್ಲೇ ನಿಂತಿದ್ದ. “ಯಾರಿಗೂ ಏನೂ ಹೇಳ್ಬೇಡ ಅಂತ ಹೇಳಿದ್ದಾರೆ ಅಕ್ಕ, ನಾನೇನೂ ಹೇಳುದಿಲ್ಲ” ಎಂದ. ಸರಿ ಎಂದೆ. ಹೋದವನು ಮೆಟ್ಟಿಲಿನಿಂದ ತಿರುಗಿ ಬಂದ. “ಇಂಗು ಮುಗಿದಿದೆಯಂತೆ. ಬರುವ ಗುರುವಾರಕ್ಕೆ ಒಂದು ಡಬ್ಬಿ ಕೊಡ್ತೀರಾ?”

ಕೊಲಂಬೋಕ್ಕೆ ಹೋದವನಿಗೆ ಬರುವ ಗುರುವಾರ ಇಂಗು ಯಾಕೆ? ಸುಳ್ಳು ಹೇಳುವುದಾದರೆ ಇಂಗಿಲ್ಲದ ಸಾರು ಕುಡಿಯಲು ತಯಾರಿರಬೇಕು. ಅದು ನಿನ್ನಿಂದ ಆಗುವ ಕೆಲಸವಲ್ಲ.

ಅವನನ್ನು ಆಟೋದಲ್ಲಿ ಕೂರಿಸಿ ರಾಯಪುರಂಗೆ ಕರೆದುಕೊಂಡು ಹೋದೆ. ಕಾಸಿಮೇಡಿನ ಮೀನು ಬಂದರಿನ ಕಲ್ಲಿನ ಗೋಡೆಯ ಮೇಲೆ ನಿಲ್ಲಿಸಿ, ತೋರಿಸು ಎಂದೆ. ತೋರಿಸಿದ. ಒಂದು ಕಾಲದಲ್ಲಿ ನೀಲಿ ಇದ್ದಿರಬೇಕು, ಈಗ ತುಕ್ಕು. ಬಿಳಿ ಮನೆ ಇಲ್ಲ, ಹಳದಿ ಕ್ರೇನ್ ಇಲ್ಲ. ಮರೀನಾಕ್ಕೂ ಅದಕ್ಕೂ ನಡುವೆ ಇಡೀ ಬಂದರೇ ಅಡ್ಡ ಇದೆ. ನಾನು ಒಂದು ವರ್ಷ ಯಾರದೋ ಹಡಗಿಗೆ ಸೆರಗು ಬೀಸಿದೆ. ಯಾರದೋ ಕಿಟಕಿಯ ಗಾಜಿಗೆ ಪಾಯಸ ಮಾಡಿದೆ.

ನಿನಗೆ ಮೊದಲ ಪತ್ರದಲ್ಲೇ ಗೊತ್ತಾಗಿತ್ತು. ಹಳದಿ ಕ್ರೇನ್ ಎಂದು ನಾನು ಬರೆದಾಗ ನೀನು ಅದನ್ನೊಂದು ಬಿಟ್ಟು ಉಳಿದದ್ದಕ್ಕೆಲ್ಲ ಸರಿ ಎಂದೆ. ನನ್ನ ಮನಸ್ಸು ನೋಯಬಾರದು ಎಂದು ನೀನು ಸುಮ್ಮನಿದ್ದೆ. ನಿನ್ನ ಮನಸ್ಸು ನೋಯಬಾರದು ಎಂದು ನಾನು ಮುಚ್ಚಿದ ಮೆಸ್ಸಿನಲ್ಲಿ ಕೂತಿದ್ದೆ. ಗೋಡೆಯ ಮೇಲೆ ನಿಂತು ನನಗೆ ನಗು ಬಂತು, ಆಮೇಲೆ ಅಲ್ಲೇ ಕೂತುಬಿಟ್ಟೆ. ಅಷ್ಟು ಹತ್ತಿರ ಇದ್ದೀಯ ಸೂರಜ್. ಕೂಗಿದರೆ ಕೇಳಿಸುತ್ತದೇನೋ ಎಂದು ಕೂಗಿಯೂ ನೋಡಿದೆ. ಮೀನು ಹೆಂಗಸರೆಲ್ಲ ತಿರುಗಿ ನೋಡಿದರು.

ನಿನ್ನನ್ನು ಇಳಿಸಿಕೊಳ್ಳಲು ನನ್ನ ಕೈಲಾಗುವುದಿಲ್ಲ. ಇಲ್ಲೇ ಉಳಿದರೂ ಆಗುವುದಿಲ್ಲ, ಅದು ಈಗ ತಿಳಿಯಿತು. ಕೋಯಮತ್ತೂರಿಗೆ ಹೋಗುತ್ತೇನೆ, ನೀನು ಸುಳ್ಳು ಹೇಳಿ ಕಳಿಸಿದ್ದಕ್ಕಲ್ಲ, ನಾನು ಹೋಗಬೇಕಾಗಿದೆ. ಆದರೆ ವಿಷುವಿಗೆ ಮುಂಚೆ ಅಲ್ಲ. ವಿಷುವಿನ ದಿನ ಮಧ್ಯಾಹ್ನದ ರೈಲಿಗೆ. ಬೆಳಿಗ್ಗೆ ಕಣಿಯನ್ನು ಕಾಸಿಮೇಡಿನ ಗೋಡೆಯ ಮೇಲೆ ಇಡುತ್ತೇನೆ. ಆಗ ಸೂರ್ಯ ನಿನ್ನ ಬೆನ್ನಿಗೆ, ನನ್ನ ಮುಖಕ್ಕೆ. ಅಪ್ಪನ ಕನ್ನಡಿ ನನ್ನ ಕೈಯಲ್ಲಿರುತ್ತದೆ. ನೀನು ಈ ವರ್ಷದ್ದು ಒಂದನ್ನು ಬಾಯಿಬಿಟ್ಟು ಹೇಳಿ ನೋಡು. ನಿಜವಾದದ್ದನ್ನು ಹೇಳು.

ಇಂಗು ಇದರ ಜೊತೆಗಿದೆ.

ಅಕ್ಕ


ಹಡಗಿನಿಂದ
14 ಏಪ್ರಿಲ್ 2025, ವಿಷು

ವಿಮಲಕ್ಕನಿಗೆ ಸೂರಜನ ನಮಸ್ಕಾರ.

ಇದು ಕೋಯಮತ್ತೂರಿನ ವಿಳಾಸಕ್ಕೆ. ಈ ಸಲ ಸ್ಟಾಂಪ್ ಹಚ್ಚಲು ಐತನಿಗೆ ಹೇಳಿದ್ದೇನೆ.

ಕಂಡಿತು ಅಕ್ಕ. ನಾನು ನಸುಕಿನಿಂದಲೇ ಕಂಬಿ ಹಿಡಿದು ನಿಂತಿದ್ದೆ. ದೋಣಿಗಳ ನಡುವೆ, ಗೋಡೆಯ ಮೇಲೆ, ಒಂದೇ ಕಡೆ ಬೆಳಕು. ಕಣ್ಣಿಗೆ ಹೊಡೆದು ನೀರು ಬಂತು. ಕ್ಯಾಪ್ಟನ್ ಮತ್ತು ಮುದುಕನೂ ಬಂದು ಪಕ್ಕದಲ್ಲಿ ನಿಂತರು. ಕ್ರಮ ಹೇಳಿದೆ. ಮುದುಕ ಈ ವರ್ಷ ಮೂರು ಹೊತ್ತೂ ಉಂಡದ್ದು ಎಂದ. ಕ್ಯಾಪ್ಟನ್ ಬಹಳ ಹೊತ್ತು ಯೋಚಿಸಿ ಉಪ್ಪಿನಕಾಯಿ ಎಂದರು.

ನನ್ನದು ಇದು. ತಟ್ಟೆ ಹಿಡಿದದ್ದು ಸುಳ್ಳಲ್ಲ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಬೂದಿ ಹಾಕಿ ಉಜ್ಜಿ, ಬಂದರಿನ ಗೋಡೆಯ ಕಡೆಗೆ, ಅದರಾಚೆ ನೀನಿದ್ದೀಯ ಎಂದು ಹಿಡಿಯುತ್ತಿದ್ದೆ. ಯಾರಿಗೂ ಕಾಣುವುದಿಲ್ಲ ಎಂದು ಗೊತ್ತಿದ್ದೇ ಹಿಡಿಯುತ್ತಿದ್ದೆ. ಒಂದು ಸಲ ಮೀನು ದೋಣಿಯವನು “ಯಾರುಕ್ಕು ಸಾಮೀ?” ಎಂದು ಕೇಳಿದ. ಅಕ್ಕಾವುಕ್ಕು, ಅಕ್ಕನಿಗೆ ಎಂದೆ. ಮುಂದಿನ ಭಾನುವಾರದಿಂದ ಅವರು ಹಾಯುವಾಗ ಕೈ ಎತ್ತುತ್ತಿದ್ದರು. ಇದನ್ನು ಗಟ್ಟಿಯಾಗಿ ಹೇಳಿ ಬೆಳಕು ನೋಡಿದೆ. ಅಷ್ಟು ದೂರದಿಂದ ಕನ್ನಡಿಯಲ್ಲಿ ಮುಖ ಕಾಣಲಿಲ್ಲ. ಬೇಡವೂ ಆಗಿತ್ತು, ಈಗ ಗಡ್ಡ ಬಹಳ ಬೆಳೆದಿದೆ.

ನಾನೂ ತಟ್ಟೆ ಎತ್ತಿದೆ. ಸೂರ್ಯ ನನ್ನ ಹಿಂದೆ ಇದ್ದ, ತಟ್ಟೆ ಬರೀ ಕಪ್ಪಾಗಿ ಇತ್ತು. ನಿನಗೆ ಏನೂ ಕಂಡಿರಲಿಕ್ಕಿಲ್ಲ. ನೀನು ಬಹಳ ಹೊತ್ತು ನಿಂತಿದ್ದೆ. ಆಮೇಲೆ ಬೆಳಕು ಹೋಯಿತು.

ನನ್ನ ಹೆಸರಿನಲ್ಲಿ ಮತ್ತೆ ಕಾಗದ ಬಂದಿಲ್ಲ. ಬಂದರೆ ಈ ಸಲ ಯಾರು ಅತ್ತರೂ ನಾನೇ ಇಳಿಯುತ್ತೇನೆ. ಬರುವವರೆಗೆ ಇಲ್ಲೇ ಇದ್ದೇನೆ, ಇಲ್ಲಿಂದಲೇ ಬರೆಯುತ್ತೇನೆ.

ಈಗ ಸೂರ್ಯ ನನ್ನ ಕಡೆ ತಿರುಗಿದ್ದಾನೆ. ನಾಲ್ಕು ಗಂಟೆಯಾಯಿತು. ಇವತ್ತು ಭಾನುವಾರವಲ್ಲ, ನಿನ್ನ ರೈಲು ಅರಕ್ಕೋಣಂ ದಾಟಿರುತ್ತದೆ. ಪೆನ್ನು ಕೆಳಗಿಟ್ಟು ಹೋಗಿ ತಟ್ಟೆ ಹಿಡಿದು ಬಂದೆ. ಗೋಡೆಯ ಮೇಲೆ ಯಾರೂ ಇರಲಿಲ್ಲ. ಬೆಳಕು ಅಲ್ಲಿಯವರೆಗೂ ಹೋಗಿ ನೀನು ನಿಂತಿದ್ದ ಕಲ್ಲಿನ ಮೇಲೆ ಬಿದ್ದಿತು.

ಸೂರಜ್